ಹ್ಯಾಂಡಲ್ಲಿಗೆ ಕಟ್ಟಿದ ಕ್ಯಾಮೆರಾ ಕೇಳಿಸಿಕೊಂಡದ್ದು

ಅಫಜಲಪುರದಿಂದ ಘತ್ತರಗಿಗೆ ಹೋಗುವ ರಸ್ತೆಯಿಂದ ಕವಲೊಡೆದು, ತೊಗರಿಯ ಹೊಲಗಳ ನಡುವೆ ಸಾಗಿ, ಹಳ್ಳದ ದಂಡೆಯ ಓಣಿಯೊಂದನ್ನು ಮುಟ್ಟುವ ಹಾದಿಯೊಂದಿದೆ. ‘ಇದೆ’ ಎಂಬ ಈ ಒಂದು ಕ್ರಿಯಾಪದವನ್ನು ಬರೆಯುವ ಹಕ್ಕಿಗಾಗಿ ನನ್ನದೊಂದು ಬೇಸಿಗೆಯೇ ಕಳೆಯಿತು. ಜಾಲಿಯ ಮುಳ್ಳುಗಳನ್ನು ಕಡಿದು ಹಾಕಿ ಆ ಹಾದಿಯನ್ನು ಮುಚ್ಚಿದವನು ನನ್ನ ಹೆಂಡತಿಯ ತಮ್ಮ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಎಲ್ಲರನ್ನೂ, ಮೊದಲಾಗಿ ನನ್ನನ್ನೇ, ಮನ್ನಿಸಿ ಬರೆದೇನೆಂಬ ಭಯದಿಂದ ಈಗಲೇ ಬರೆಯುತ್ತಿದ್ದೇನೆ.

ನಾನು ಶಾಸನಗಳ ಕಾಲನಿರ್ಣಯವನ್ನು ವೃತ್ತಿಯಾಗಿ ಮಾಡಿಕೊಂಡಿದ್ದವನು. ಕಲ್ಲಿನ ಮೇಲೆ ಸಂವತ್ಸರವೊಂದು, ತಿಥಿ ಇನ್ನೊಂದು, ವಾರ ಮತ್ತೊಂದು ಹೇಳುವಾಗ ಯಾವುದನ್ನು ನಂಬಬೇಕು, ಯಾವುದನ್ನು ಕಂಡರಿಸಿದವನ ಕೈತಪ್ಪೆಂದು ಬಿಡಬೇಕು ಎಂಬುದನ್ನು ಪಂಚಾಂಗದ ಕೋಷ್ಟಕಗಳ ಮುಂದೆ ಕುಳಿತು ತೀರ್ಮಾನಿಸುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಅಫಜಲಪುರಕ್ಕೆ ಬಂದು ನೆಲೆಸಿದ ಮೇಲೆ, ಅಷ್ಟು ವರ್ಷ ಪಡಿಯಚ್ಚುಗಳಲ್ಲಿ ಮಾತ್ರ ನೋಡಿದ್ದ ಕಲ್ಲುಗಳನ್ನು ಅವು ನಿಂತ ನೆಲದಲ್ಲಿಯೇ ನೋಡಬೇಕೆನಿಸಿ ಸೈಕಲ್ ಕೊಂಡೆ. ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಆಳಂದಕ್ಕೆ ಹೋಗಿ ಅಲ್ಲಿಂದ ಗಡಿಯ ಹಳ್ಳಿಗಳನ್ನು ಸುತ್ತಿದ್ದುಂಟು. ಜೇವರ್ಗಿಯ ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೆ ಅಂಜಿ ಇಳಿದು ತಳ್ಳಿಕೊಂಡು ನಡೆದದ್ದೂ ಉಂಟು. ಎರಡೂ ಕೈ ಹ್ಯಾಂಡಲ್ಲಿನ ಮೇಲಿರುವಾಗ ಟಿಪ್ಪಣಿ ಬರೆಯಲಾಗದು. ಆದಕಾರಣ ಹ್ಯಾಂಡಲ್ಲಿಗೆ ಒಂದು ಆ್ಯಕ್ಷನ್ ಕ್ಯಾಮೆರಾ ಕಟ್ಟಿಸಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಯಂತ್ರ ಮುಂದಿನ ಹಾದಿಯನ್ನು ಬಿಡದೆ ನೋಡುತ್ತದೆ, ನೋಡಿದ್ದನ್ನು ಮರೆಯುವುದಿಲ್ಲ.

ನನ್ನ ಜೊತೆಗಾರರು ಆ ಓಣಿಯಲ್ಲಿಯೇ ಹುಟ್ಟಿ ಬೆಳೆದ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರರು. ಅವರದು ಬೌದ್ಧ ಮನೆತನ. ಓಣಿಯ ಉಳಿದ ಮನೆಗಳೂ ಅಷ್ಟೆ. ನಮ್ಮದು ಶರಣರ ಮಾತನ್ನು ಮನೆಮಾತಾಗಿ ಹೇಳಿಕೊಳ್ಳುವ, ಹೊಲ ಉಳ್ಳ ಮನೆತನ. ಪ್ರತಿ ರವಿವಾರ ಮುಂಜಾನೆ ನಾನು ಈ ಹಾದಿಯಲ್ಲಿ ಓಣಿಗೆ ಹೋಗಿ, ಅವರ ಮನೆಯಲ್ಲಿ ಚಹಾ ಕುಡಿದು, ಅವರೊಡನೆ ಅದೇ ಹಾದಿಯಲ್ಲಿ ಹಿಂದಿರುಗಿ ರಸ್ತೆ ಹಿಡಿಯುತ್ತಿದ್ದೆ.

ಕ್ಯಾಮೆರಾದ ಗಡಿಯಾರವನ್ನು ನಾನು ಮೊದಲ ದಿನದಿಂದಲೂ ನಂಬಲಿಲ್ಲ. ಬ್ಯಾಟರಿ ಪೂರ್ತಿ ಇಳಿದರೆ ಅದು ಕಾರ್ಖಾನೆಯಲ್ಲಿ ತುಂಬಿದ ಯಾವುದೋ ದಿನಕ್ಕೆ ಮರಳುತ್ತಿತ್ತು. ಸಾಲದೆಂಬಂತೆ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಿತ್ತು. ಇದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡೆ: ಹೊರಡುವ ಮೊದಲು ಆ ದಿನದ ಪತ್ರಿಕೆಯ ತಲೆಬರಹವನ್ನು ಕ್ಯಾಮೆರಾದ ಮುಂದೆ ಹಿಡಿಯುವುದು. ಮಾಸ್ತರರು ಅದನ್ನು ನೋಡಿ ನಗುತ್ತಿದ್ದರು.

“ಏನ್ರಿ ಸರ್, ಕಳ್ಳರು ಮಂದಿನ್ನ ಹೊತ್ತೊಯ್ದು, ಇವತ್ತು ಜೀವಂತ ಅದಾನ ನೋಡ್ರಿ ಅಂತ ಪೇಪರ್ ಹಿಡಿಸಿ ಫೋಟೋ ತೆಗದಂಗ ಆತಲ್ರಿ.”

“ನಾಳೆ ಯಾರಾದರೂ ಕೇಳಿದರೆ?”

“ಸೈಕಲ್ ಹೊಡದಿದ್ದು ಯಾವಾಗ ಅಂತ ಯಾರ್ ಕೇಳ್ತಾರ್ರಿ? ನನ್ನ ಹೇಣ್ತಿ ಒಬ್ಬಾಕಿ ಕೇಳ್ತಾಳ.”

ನಾನು ಆ ವೀಡಿಯೊ ಚಿತ್ರಗಳನ್ನು ಮನೆಯಲ್ಲಿ ನೋಡುವಾಗ ಧ್ವನಿಯನ್ನು ಮುಚ್ಚಿಯೇ ನೋಡುತ್ತಿದ್ದೆ. ಈ ಬಯಲಿನ ಗಾಳಿ ಮೈಕಿಗೆ ಬಡಿದರೆ ಹರಕು ತಗಡನ್ನು ಎಳೆದಂತೆ ಕೇಳುತ್ತದೆ. ನೋಡುವುದಕ್ಕಷ್ಟೇ ಅದನ್ನು ಕಟ್ಟಿದ್ದೆನಾದ್ದರಿಂದ, ಅದು ಕೇಳುತ್ತಲೂ ಇದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಬೇಸಿಗೆ ಬಲಿಯುತ್ತಿದ್ದ ಒಂದು ರವಿವಾರ ಹಾದಿಯ ಬಾಯಿಗೆ ಮುಳ್ಳು ಬಿದ್ದಿತ್ತು. ಸೈಕಲ್ ನಿಲ್ಲಿಸಿ ಮಾಸ್ತರರಿಗೆ ಫೋನ್ ಮಾಡಿದೆ. ಅವರು ಹಳ್ಳದ ಪಾತ್ರದಲ್ಲಿ ಸುತ್ತು ಹಾಕಿ ಬಂದು ನಿಂತರು. ಅಂದು ನಗಲಿಲ್ಲ. ಅವರ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ವೈದ್ಯರು ಹೇಳಿದ ದಿನಗಳು ಮುಂಗಾರಿನ ಮೊದಲ ವಾರಗಳಲ್ಲಿ ಬೀಳುತ್ತಿದ್ದವು. ಒಂದು ಮಳೆ ಬಿದ್ದರೆ ಹಳ್ಳದ ದಾರಿ ಇರುವುದಿಲ್ಲ. ಕಪ್ಪು ಎರಿಮಣ್ಣು ಗಾಲಿಗೆ ಮೆತ್ತಿ ಎತ್ತಿನ ಬಂಡಿಯೂ ನಿಂತಲ್ಲಿಯೇ ನಿಲ್ಲುತ್ತದೆ. ಆಟೋ ಓಣಿಗೆ ಬರಬೇಕಾದರೆ ಈ ಹಾದಿಯೊಂದೇ ಗತಿ.

ಅಂದು ಮಧ್ಯಾಹ್ನವೇ ಹೆಂಡತಿಯ ತಮ್ಮನ ಮನೆಗೆ ಹೋದೆ. ಅವನ ಪಡಸಾಲೆಯಲ್ಲಿ ವರ್ಷಕ್ಕೊಮ್ಮೆ ಶರಣ ಚಿಂತನೆಯ ಸಭೆ ನಡೆಯುತ್ತದೆ. ಸಮಾನತೆಯ ಕುರಿತು ಅಲ್ಲಿ ನಾನೇ ಮಾತನಾಡಿದ್ದೆ. ಅವನೇ ನನಗೆ ಶಾಲು ಹೊದಿಸಿದ್ದ.

“ಹಾದಿ ಯಾಕ ಮುಚ್ಚಿದಿ ತಮ್ಮಾ?”

“ಯಾವ ಹಾದಿ ಮಾಮಾ?”

“ನಾನು ಪ್ರತಿ ರವಿವಾರ ಸೈಕಲ್ ಹೊಡೀತೇನಲ್ಲ, ಆ ಹಾದಿ.”

“ಅದು ಹಾದಿ ಅಲ್ರಿ, ನನ್ನ ಹೊಲ. ನೀವು ಮನಿ ಅಳಿಯಂದಿರು. ನಿಮಗ ಬ್ಯಾಡ ಅಂದವರು ಯಾರು? ಸೈಕಲ್ ಯಾಕ, ಕುದುರಿ ಓಡಸ್ರಿ.”

“ಓಣಿ ಮಂದಿ ಏನು ಮಾಡಬೇಕು?”

“ಹಳ್ಳದ ದಾರಿ ಅದಲ್ಲ ಅವ್ರಿಗೆ? ಇಷ್ಟು ದಿನ ಹೋಗ್ಲಿ ಬಿಡು ಅಂತ ಸುಮ್ಮಿದ್ದೆ. ಈಗ ಕಬ್ಬು ಹಚ್ಚಾಕತ್ತೇನಿ. ಕಬ್ಬಿನ್ಯಾಗ ಹಾದಿ ಎಲ್ಲಿಂದ ತರ್ಲಿ? ಊಟಾ ಮಾಡ್ರಿ ಮಾಮಾ, ಸಜ್ಜಿ ರೊಟ್ಟಿ ಅದಾವು.”

ಊಟ ಮಾಡದೆ ಎದ್ದು ಬಂದೆ. ಆ ಮನೆಯಲ್ಲಿ ನಾನು ಮಾಡಿದ ಅತಿ ದೊಡ್ಡ ಅವಮರ್ಯಾದೆ ಅದೇ ಆಗಿತ್ತು. ಅವನು ಅದನ್ನೂ ನಗುತ್ತಲೇ ಸಹಿಸಿದ. ಅವನ ಆ ಸಹನೆ ನನ್ನನ್ನು ಹೆಚ್ಚು ಉರಿಸಿತು.

ಓಣಿಯವರು ತಹಶೀಲ್ದಾರ ಕಚೇರಿಗೆ ಅರ್ಜಿ ಕೊಟ್ಟರು. ಗ್ರಾಮನಕ್ಷೆಯಲ್ಲಿ ಆ ಹಾದಿಯ ಚುಕ್ಕೆಗೆರೆ ಇರಬೇಕಾದ ಜಾಗದಲ್ಲಿಯೇ ಕಾಗದದ ಮಡಿಕೆ ಬಿದ್ದು, ಗೆರೆಯೂ ಕಾಗದವೂ ಸವೆದುಹೋಗಿದ್ದವು. ಹಾಗಾಗಿ ಹಾದಿ ಬಳಕೆಯಲ್ಲಿತ್ತು ಎಂಬುದನ್ನು ಬೇರೆ ರೀತಿಯಲ್ಲಿ ಸಾಧಿಸಬೇಕಿತ್ತು. “ಸರ್, ನಿಮ್ಮ ವೀಡಿಯೊ ಅದಾವಲ್ಲ,” ಎಂದರು ಮಾಸ್ತರರು. ನಾನು ಕಾಯುತ್ತಿದ್ದದ್ದೇ ಆ ಮಾತನ್ನು.

ಹತ್ತು ದಿನ ಕುಳಿತು ಒಂದು ಕೋಷ್ಟಕವನ್ನು ಸಿದ್ಧಪಡಿಸಿದೆ. ಪ್ರತಿಯೊಂದು ಚಿತ್ರಕ್ಕೂ ಕ್ಯಾಮೆರಾ ತೋರಿಸುವ ದಿನ, ಪತ್ರಿಕೆ ತೋರಿಸುವ ದಿನ, ಪಂಚಾಂಗದ ತಿಥಿ. ಪತ್ರಿಕೆ ಹಿಡಿಯಲು ಮರೆತಿದ್ದ ಚಿತ್ರಗಳಿಗೆ ಬೇರೆ ಆಧಾರಗಳನ್ನು ಹುಡುಕಿದೆ: ತೊಗರಿ ಹೂವಾಡಿದ ಹಂತ, ಬಾವಿಕಟ್ಟೆಯ ನೆರಳಿನ ಉದ್ದ, ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿಯ ಗುಡಿಗೆ ನಡೆದುಹೋಗುವವರ ಸಾಲು. ಒಂದು ಚಿತ್ರದ ದಿನದ ಬಗ್ಗೆ ಸಂದೇಹ ಉಳಿದಿತ್ತು, ಅದನ್ನು ಕೈಬಿಟ್ಟೆ. ಬೇರೆ ಯಾರೂ ಕೈಬಿಡುತ್ತಿರಲಿಲ್ಲ. ಇಂಥ ಶುದ್ಧ ಕೋಷ್ಟಕವನ್ನು ಆ ಕಚೇರಿ ಹಿಂದೆಂದೂ ಕಂಡಿರಲಾರದೆಂದು ಹೆಮ್ಮೆಪಟ್ಟೆ. ಆ ಹೆಮ್ಮೆಯನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ವಿಚಾರಣೆಯ ದಿನ ಹೆಂಡತಿಯ ತಮ್ಮ ನನಗಿಂತ ಮೊದಲೇ ಬಂದು ಕುಳಿತಿದ್ದ. “ಶರಣು ಶರಣಾರ್ಥಿ ಮಾಮಾ,” ಎಂದು ಎದ್ದು ನಿಂತು ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ. ಮಾಸ್ತರರು ಗೋಡೆಗೆ ಆನಿಕೊಂಡು ನಿಂತಿದ್ದರು. ನಾನು ಕುಳಿತುಬಿಟ್ಟೆ.

ಅಧಿಕಾರಿ ಸಭ್ಯ ಮನುಷ್ಯ. ಕೋಷ್ಟಕವನ್ನು ತಿರುವಿ ನೋಡಿದರು.

“ಸರ್, ತಾರೀಖು ಎಲ್ಲಾ ಬರೋಬರಿ ಅದಾವು ಅಂತ ಒಪ್ಕೊಂಡೇನಿ. ನನಗ ತಿಥಿ ಗಿಥಿ ತಿಳಿಯಂಗಿಲ್ರಿ. ಒಂದೆರಡು ವೀಡಿಯೊ ಹಚ್ಚಿ ತೋರಸ್ರಿ, ಸಾಕು.”

ಗುಮಾಸ್ತ ಕಂಪ್ಯೂಟರಿಗೆ ಹಾಕಿದ. ಕಚೇರಿಯ ಕಂಪ್ಯೂಟರಿಗೆ ಎರಡು ದೊಡ್ಡ ಸ್ಪೀಕರುಗಳಿದ್ದವು. ಗಾಳಿಯ ಕರ್ಕಶ ಧ್ವನಿ ಕೋಣೆ ತುಂಬಿತು. ಹಾದಿ ಕಂಡಿತು, ಎರಡು ಗಾಲಿಜಾಡುಗಳ ನಡುವೆ ಹುಲ್ಲಿನ ಪಟ್ಟಿ ಕಂಡಿತು. ಬಾವಿಯ ಹತ್ತಿರ ಸೈಕಲ್ ನಿಧಾನವಾಯಿತು, ಗಾಳಿ ಇಳಿಯಿತು. ಚಿತ್ರದಲ್ಲಿ ಹೆಂಡತಿಯ ತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆಗ ನನ್ನ ದನಿ, ಸ್ಪಷ್ಟವಾಗಿ, ಹರ್ಷದಿಂದ, ಹೀಗೆ ಹೇಳಿತು:

“ತಮ್ಮಾ, ನಿನ್ನ ಹೊಲದಾಗಿಂದ ಹೊಂಟೇವಪ್ಪ. ನಿನ್ನ ಮೆಹರಬಾನಿ!”

ಹೆಂಡತಿಯ ತಮ್ಮ ಮೆಲ್ಲಗೆ, “ಸಾಹೇಬ್ರ, ಅದು ಇನ್ನೊಮ್ಮೆ ಹಚ್ಚಸ್ರಿ,” ಎಂದ. ಇನ್ನೊಮ್ಮೆ ಹಚ್ಚಿದರು.

“ಮೆಹರಬಾನಿ ಅಂದ್ರ ಇವ್ರ ಪರವಾನಗಿಲೆ ಹಾದು ಹೋದ್ರಿ ಅಂದಂಗ ಆತಲ್ರಿ, ಸರ್?” ಎಂದರು ಅಧಿಕಾರಿ.

“ಅದು ‘ಉಪಕಾರವಾಯಿತು’ ಎನ್ನುವ ಮರ್ಯಾದೆಯ ಮಾತು. ಬಸ್ಸಿನಲ್ಲಿ ಸರಿದು ಜಾಗ ಕೊಟ್ಟವರಿಗೂ ಅನ್ನುತ್ತೇವೆ,” ಎಂದೆ.

“ಜಾಗ ಅವ್ರದಿದ್ರ ಅಲ್ರಿ ಸರಿಯೂದು?” ಎಂದು ಅವರು ಗುಮಾಸ್ತನ ಕಡೆಗೆ ತಿರುಗಿದರು. “ಬರಕೋರಿ.” ಅರ್ಜಿದಾರರ ಸಾಕ್ಷಿದಾರರೇ ಪ್ರತಿವಾದಿಯ ಅನುಮತಿಯನ್ನು ಒಪ್ಪಿಕೊಂಡಿರುವುದಾಗಿ ಗುಮಾಸ್ತ ಬರೆದುಕೊಂಡ. ಅದರ ಮುಂದೆ ನನ್ನ ಕೋಷ್ಟಕದಿಂದಲೇ ದಿನಾಂಕವನ್ನು ನೋಡಿ ಬರೆದ. ಅವರ ಇಡೀ ಕಡತದಲ್ಲಿ ತಪ್ಪಿಲ್ಲದ ದಿನಾಂಕ ಅದೊಂದೇ ಇರಬೇಕು.

ಹೊರಗೆ ಬೇವಿನ ಮರದ ಕೆಳಗೆ ಮಾಸ್ತರರು ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ನಾನು ಚಹಾ ಕುಡಿಯೋಣವೆಂದೆ. ಅವರು ಬೀಗವನ್ನು ಕೈಯಲ್ಲಿಯೇ ಹಿಡಿದು ನಿಂತರು.

“ಸರ್, ನೀವು ನಿಮ್ಮ ಸಲುವಾಗಿ ಮೆಹರಬಾನಿ ಕೇಳ್ಕೋರಿ. ‘ಹೊಂಟೇನಿ’ ಅನ್ರಿ. ‘ಹೊಂಟೇವಿ’ ಅಂತ ಯಾಕ ಅಂದ್ರಿ? ಆ ‘ಏವಿ’ನ್ಯಾಗ ನಾನೂ ಅದೇನಲ್ರಿ?”

“ಬಾಯಿರೂಢಿ, ಮಾಸ್ತರ...”

“ಅದು ನಿಮಗ ರೂಢಿರಿ. ನಮ್ಮಪ್ಪ ಆ ಹಾದಿಲೆ ಸಾಲಿಗಿ ಹೋದ, ನಾ ಹೋದೆ, ನನ್ನ ಮಗಳು ಹೋದ್ಲು. ಒಂದು ದಿನ ಯಾರಿಗೂ ಮೆಹರಬಾನಿ ಅಂದಿಲ್ಲ. ಬೈಸ್ಕೊಂಡೇವಿ, ಬೈದೇವಿ, ಬೇಡಿಕೊಂಡಿಲ್ಲ. ನೀವು ಒಂದ ಮಾತಿನ್ಯಾಗ ಓಣಿಗಿ ಓಣಿನ ಕೈ ಚಾಚಿ ನಿಲ್ಲಿಸಿಬಿಟ್ರಿ.”

ಅವರು ಸೈಕಲ್ ಹತ್ತಿ ಹೊರಟುಹೋದರು. ಶಾಸನಗಳಲ್ಲಿ ಏಕವಚನ ಬಹುವಚನದ ಒಂದು ಪ್ರತ್ಯಯಕ್ಕಾಗಿ ವಿದ್ವಾಂಸರೊಡನೆ ವರ್ಷಗಟ್ಟಲೆ ಜಗಳವಾಡಿದವನು ನಾನು. ನನ್ನದೇ ಬಾಯಿಯ ಪ್ರತ್ಯಯವನ್ನು ಒಮ್ಮೆಯೂ ಪರಿಶೀಲಿಸಿರಲಿಲ್ಲ.

ಮರುದಿನ ಮುಂಜಾನೆ ಚಿತ್ರಗಳನ್ನೆಲ್ಲ ಮತ್ತೆ ತೆರೆದು, ಮೊದಲ ಬಾರಿಗೆ ಧ್ವನಿಸಹಿತ ಕೇಳಲು ಕುಳಿತೆ. ಆಳಂದದ ಹೊಲವೊಂದರಲ್ಲಿ ವೀರಗಲ್ಲನ್ನು ತೋರಿಸಿದ ಒಡೆಯನಿಗೆ, “ಮೆಹರಬಾನಿ ಗೌಡ್ರ.” ಜೇವರ್ಗಿಯ ಹತ್ತಿರ ಬದುವಿನ ಮೇಲೆ ಸೈಕಲ್ ದಾಟಿಸಲು ಬಿಟ್ಟವನಿಗೆ, “ಮೆಹರಬಾನಿ ಸಾವ್ಕಾರ್ರ.” ಎರಡನೆಯ ದಿನದ ಹೊತ್ತಿಗೆ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಹೊಳೆಯಬಾರದಿತ್ತೆಂದಲ್ಲ, ಇಷ್ಟು ತಡವಾಗಬಾರದಿತ್ತು. ಓಣಿಯ ಹೆಣ್ಣುಮಗಳೊಬ್ಬಳು ಚಿತ್ರದ ಅಂಚಿನಲ್ಲಿ ತಂಬಿಗೆ ಹಿಡಿದು ನಿಂತಿದ್ದಾಳೆ. ನಾನು ನೀರು ಕುಡಿದು, “ಬರ್ತೇನಿ,” ಎನ್ನುತ್ತೇನೆ. ಓಣಿಯ ಮುದುಕನೊಬ್ಬ ಉರಿಬಿಸಿಲಿನಲ್ಲಿ ನನ್ನ ಗಾಲಿಯ ಪಂಕ್ಚರ್ ತಿದ್ದುತ್ತಾನೆ. ನಾನು, “ಲಗೂ ಮಾಡು,” ಎನ್ನುತ್ತೇನೆ. ಎಷ್ಟು ಹುಡುಕಿದರೂ ಅವರಲ್ಲಿ ಒಬ್ಬರಿಗೂ ನಾನು ಮೆಹರಬಾನಿ ಅಂದಿರಲಿಲ್ಲ. ನೆಲದ ಒಡೆಯರಿಗೆ ಮಾತ್ರ ಆ ಮಾತು ನನ್ನ ಬಾಯಿಂದ ತಾನಾಗಿ ಬರುತ್ತಿತ್ತು. ಇದನ್ನು ಮರ್ಯಾದೆಯ ಮಾತು ಎಂದು ಸರಕಾರಿ ಕಚೇರಿಯಲ್ಲಿ ವಾದಿಸಿದ್ದೆನಲ್ಲ!

ಹಾದಿಯ ಚಿತ್ರಗಳಲ್ಲಿ ನನ್ನ ಮಾತಿನ ಬೆನ್ನಿಗೇ ಇನ್ನೊಂದು ದನಿಯಿತ್ತು. ಹಿಂದಿನ ಸೈಕಲ್ಲಿನದು, ತಗ್ಗಿದ ದನಿ. “ಹಾದಿ ಅದ ರಿ ಸರ್. ಕೇಳೂದು ಬ್ಯಾಡ.” ಒಂದು ಚಿತ್ರದಲ್ಲಿ ಅಲ್ಲ, ಹಲವು ಚಿತ್ರಗಳಲ್ಲಿ. ನಾನು ಎಲ್ಲಿಯೂ ಉತ್ತರಿಸಿಲ್ಲ. ಗಾಳಿಗೆ ಕೇಳಿಸಲಿಲ್ಲವೆಂದು ಬರೆಯಬಹುದಿತ್ತು. ಕ್ಯಾಮೆರಾಕ್ಕೆ ಕೇಳಿಸಿದೆ.

ಸಿಟ್ಟಿನಿಂದ ಕಂಪ್ಯೂಟರನ್ನು ಮುಚ್ಚಿ ಎದ್ದು ಹೋಗಿದ್ದರೆ ಮುಂದಿನ ಚಿತ್ರ ಸಿಗುತ್ತಿರಲಿಲ್ಲ. ಅದರಲ್ಲಿ ತೊಗರಿ ರಾಶಿಯ ಕಾಲ. ಹಾದಿಯ ಮೇಲೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಂತಿದೆ, ಹಿಂದೆ ಟ್ರಾಲಿ. ನಾವು ಸೈಕಲ್ ಇಳಿದು ಕಾಯುತ್ತಿದ್ದೇವೆ. ಹೊಲದೊಳಗಿನಿಂದ ಹೆಂಡತಿಯ ತಮ್ಮನ ದನಿ ಕೂಗುತ್ತದೆ:

“ಏ ಲೇ, ಹಾದಿ ಮ್ಯಾಲಿಂದ ತೆಗಿಯೋ ಟ್ರ್ಯಾಕ್ಟರ್! ಓಣಿ ಮಂದಿ ಹಾದಿ ಅದು. ಒಂದು ತಾಸು ನಿಂತ್ರ ನಾಳಿ ಹೋಗಿ ಕಚೇರ್‍ಯಾಗ ಕುಂಡರ್ತಾರ ಮಕ್ಕಳು!”

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ತಿಳಿಯದು.

“ಇದು ನಮ್ಮ ತಮ್ಮನ ದನಿ,” ಎಂದಳು.

“ಹೌದು.”

“ನನ್ನ ಮಾರಿ ಏನ್ ನೋಡ್ತೀರಿ? ಒಯ್ದು ಹಚ್ರಿ. ಬಸುರಿ ಹೆಂಗಸು ಹಳ್ಳದಾಗ ಹೆರಬೇಕೇನು?” ಒಳಗೆ ಹೋಗುತ್ತ ಮತ್ತೊಂದು ಮಾತು ಸೇರಿಸಿದಳು. “ನೀವು ಅಂದಿದ್ದೂ ಖರೆನ ಅದ. ಅದನ್ನ ಮುಚ್ಚಬ್ಯಾಡ್ರಿ.”

ಮುಂದಿನ ವಿಚಾರಣೆಗೆ ನಾನು ಕೋಷ್ಟಕ ಒಯ್ಯಲಿಲ್ಲ. ಒಂದು ಪುಟದ ಹೇಳಿಕೆ ಒಯ್ದೆ. ಅದರಲ್ಲಿದ್ದದ್ದು ಇಷ್ಟು: ಪ್ರತಿವಾದಿ ನನ್ನ ಹೆಂಡತಿಯ ತಮ್ಮನೆಂಬುದನ್ನು ಹಿಂದಿನ ವಿಚಾರಣೆಯಲ್ಲಿ ನಾನು ಹೇಳಲಿಲ್ಲ. ಯಾರೂ ಕೇಳಲಿಲ್ಲವೆಂಬುದು ನೆವ. ‘ಮೆಹರಬಾನಿ’ ಎಂಬುದು ಅಳಿಯನೊಬ್ಬ ಬೀಗರ ಮನೆಯವನಿಗೆ ಆಡಿದ ಮಾತು. ಹಿಂದೆ ಬರುತ್ತಿದ್ದವರ ಪರವಾಗಿ ಅದನ್ನು ಆಡಲು ನನಗೆ ಅಧಿಕಾರವಿರಲಿಲ್ಲ. ಅವರು ಆಗಲೇ ನನ್ನನ್ನು ತಿದ್ದಿದ್ದರು, ನಾನು ಕಿವಿಗೊಡಲಿಲ್ಲ. ಇಷ್ಟನ್ನು ಓದಿ, ಮಾಸ್ತರರ ತಗ್ಗಿದ ದನಿ ಇದ್ದ ಚಿತ್ರಗಳನ್ನು ಒಂದೊಂದಾಗಿ ಹಚ್ಚಿಸಿದೆ. ಕೊನೆಗೆ ಟ್ರ್ಯಾಕ್ಟರಿನದು.

“ಮಕ್ಕಳು!” ಎಂದು ಸ್ಪೀಕರು ಕೂಗಿದಾಗ ಗುಮಾಸ್ತ ನಕ್ಕುಬಿಟ್ಟ. ಗೋಡೆಗೆ ಆನಿಕೊಂಡಿದ್ದ ಮಾಸ್ತರರು ನಗಲಿಲ್ಲ.

“ಬೈದಿದ್ದಕ್ಕ ಛಲೋ ಆತು ನೋಡ್ರಿ ಸಾಹೇಬ್ರ,” ಎಂದರು. “ಮರ್ಯಾದಿಲೆ ಮಾತಾಡಿದ್ರ ನಮ್ಮ ಹಾದಿ ಹೋಗ್ತಿತ್ತು.”

ಹೆಂಡತಿಯ ತಮ್ಮ ನನ್ನತ್ತ ನೋಡಿದ. “ಮಾಮಾ, ಕ್ಯಾಮೆರಾ ಕಟ್ಕೊಂಡು ನಮ್ಮನಿ ಹೊಲಕ್ಕ ಬಂದಿದ್ದು ಇದಕ್ಕೇನು?” ಎಂದ. ಅಂದು ಅವನು ಕುರ್ಚಿ ಬಿಡಲಿಲ್ಲ, ನನಗೂ ಬೇಕಿರಲಿಲ್ಲ.

ಆದೇಶ ಬರುವ ಹೊತ್ತಿಗೆ ಭೀಮಾ ನದಿಯ ಮೇಲೆ ಮೋಡ ಕಟ್ಟತೊಡಗಿತ್ತು. ‘ವೀಡಿಯೊದಲ್ಲಿ ಕಂಡುಬಂದಂತೆ ಹಾದಿಯನ್ನು ತೆರವುಗೊಳಿಸತಕ್ಕದ್ದು’ ಎಂದು ಅದರಲ್ಲಿತ್ತು. ಸಂಖ್ಯೆ, ದಿನಾಂಕ, ಮೊಹರು, ಎಲ್ಲವೂ ಸರಿಯಾಗಿದ್ದವು. ಅಗಲ ಮಾತ್ರ ಇರಲಿಲ್ಲ. ಮರುದಿನ ಹೋಗಿ ನೋಡಿದರೆ ಹೆಂಡತಿಯ ತಮ್ಮ ಆದೇಶವನ್ನು ಪಾಲಿಸಿದ್ದ: ಒಂದು ಸೈಕಲ್ಲಿನ ಹ್ಯಾಂಡಲ್ ಹಾಯುವಷ್ಟು ಮುಳ್ಳು ಸರಿಸಿದ್ದ. ವೀಡಿಯೊದಲ್ಲಿ ಕಂಡದ್ದು ಸೈಕಲ್ ತಾನೇ?

ನಾನು ಆದೇಶವನ್ನು ಅಲ್ಲಿಯೇ ನಿಂತು ಮತ್ತೊಮ್ಮೆ ಓದಿದೆ. ‘ವೀಡಿಯೊದಲ್ಲಿ ಕಂಡುಬಂದಂತೆ.’ ಯಾವ ವೀಡಿಯೊ ಎಂದು ಹೇಳಿಲ್ಲ. ಟ್ರ್ಯಾಕ್ಟರ್ ಕೂಡ ವೀಡಿಯೊದಲ್ಲಿಯೇ ಕಂಡುಬಂದದ್ದು. ಅದರ ಟ್ರಾಲಿಯೂ ಕಂಡುಬಂದದ್ದು. ಶಾಸನದ ಪಾಠದಲ್ಲಿ ಲೋಪವಿದ್ದರೆ ಸಂದರ್ಭದಿಂದ ತುಂಬಿಕೊಳ್ಳುವುದನ್ನು ನಾನು ವೃತ್ತಿಯಲ್ಲಿ ಹಲವು ಬಾರಿ ಮಾಡಿದ್ದೇನೆ, ಅಂಜುತ್ತ ಅಂಜುತ್ತ, ಅಡಿಟಿಪ್ಪಣಿ ಹಾಕಿ. ಅಂದು ಅಂಜಲಿಲ್ಲ. ಸೈಕಲ್ ಮಲಗಿಸಿ, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡು ಜಾಲಿಯ ಕೊಂಬೆಯೊಂದನ್ನು ಹಿಡಿದೆಳೆದೆ. ಟವೆಲ್ಲಿನೊಳಗಿಂದ ಮುಳ್ಳು ಅಂಗೈಗೆ ಇಳಿಯಿತು. ಆಚೆಗಿನಿಂದ ಮಾಸ್ತರರು ಕುಡುಗೋಲು ಹಿಡಿದು ಬಂದರು. ಬೇವಿನ ಮರದ ಕೆಳಗಿನ ಆ ಮಾತಿನ ನಂತರ ನಾವಿಬ್ಬರೂ ಮಾತನಾಡಿರಲಿಲ್ಲ. ಅವರು ಕಡಿದರು, ನಾನು ಎಳೆದೆ.

ಹೆಂಡತಿಯ ತಮ್ಮ ಬಾವಿಯ ಕಡೆಯಿಂದ ನಡೆದು ಬಂದು ನಿಂತ.

“ಒಂದು ಮಾತು ಕೇಳಿದ್ರ ನಾನ ಸರಸ್ತಿದ್ನಲ್ಲ ಮಾಮಾ,” ಎಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು. ಕೇಳಿದ್ದರೆ ಅವನು ಸರಿಸುತ್ತಿದ್ದ, ಅದು ನನಗೆ ಗೊತ್ತು. ನನ್ನ ಸಿಟ್ಟು ನೆತ್ತಿಗೇರಿದ್ದು ಆ ಕ್ಷಣದಲ್ಲಿಯೇ.

ಮೊದಲ ಹನಿಗಳು ಎರಿಮಣ್ಣಿನ ಮೇಲೆ ಬೀಳುತ್ತಿದ್ದವು. ಮಾಸ್ತರರು ತಲೆಯೆತ್ತಿ ಮೋಡವನ್ನು ನೋಡಿದರು, ಆಮೇಲೆ ತೆರೆದ ಜಾಗವನ್ನು ಕಣ್ಣಿನಲ್ಲಿಯೇ ಅಳೆದರು.

“ಆಟೋ ಹಾಯಂಗಿಲ್ರಿ ಸರ್,” ಎಂದರು. “ಇನ್ನೊಂದು ಮೊಳ.”